ಮಿದುಳಿನ ಗಾಯವೂ ನ್ಯಾಯದ ತಕ್ಕಡಿಯೂ

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಹಿರಿಯೂರು, ಚಿತ್ರದುರ್ಗಗಳ ಮಗ್ಗುಲಲ್ಲೇ ಹಾದುಹೋಗುವುದು. ಹಗಲಿರುಳೆನ್ನದೆ ಲಾರಿಗಳು ಓಡುವ ಇಂತಹ ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ತಗಲಿಸಿಕೊಳ್ಳುವವರುಂಟು. ಹೊಸದುರ್ಗದ ತೆಂಗಿನ ತೋಟಗಳಲ್ಲಿ, ಹೊಳಲ್ಕೆರೆಯ ಅಡಕೆ ತೋಟಗಳಲ್ಲಿ ಮರದಿಂದ ಬೀಳುವ ಅಪಾಯವೂ ಇದ್ದೇ ಇದೆ. ಕಾಲು ಮುರಿದರೆ ಕ್ಷ-ಕಿರಣದ ಚಿತ್ರವು ಅದನ್ನು ತೋರಿಸೀತು. ಆದರೆ ಹೊರಗಿನ ಗಾಯವೆಲ್ಲ ಮಾಗಿದ ಮೇಲೆಯೂ, "ಹೇಳಿದ್ದು ನೆನಪಿರುವುದಿಲ್ಲ, ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂದು ಒಬ್ಬನು ಅಪಘಾತ ಪರಿಹಾರದ ನ್ಯಾಯಮಂಡಳಿಯ ಮುಂದೆ ನಿಂತರೆ? ಅವನ ಮಾತು ನಿಜವೆ, ನಟನೆಯೆ? ಮರೆವಿನ ಚಿತ್ರವನ್ನು ಯಾವ ಯಂತ್ರವೂ ತೆಗೆಯಲಾರದು. ಇಂತಹಲ್ಲಿ ನ್ಯಾಯಾಲಯವು ನರಮನೋವಿಜ್ಞಾನಿಯ ನೆರವನ್ನು ಪಡೆಯಬಹುದು.

ಮಿದುಳಿನ ಯಾವ ಭಾಗ ಕೆಟ್ಟರೆ ಯಾವ ಶಕ್ತಿ ಕುಂದುವುದೆಂದು ಅರಿಯುವುದೇ ಈ ಶಾಸ್ತ್ರದ ಬುನಾದಿ. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ ಎಂಬ ವೈದ್ಯನು, ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಅದರ ಎಡ ಮುಂಭಾಗವು ಕೆಟ್ಟಿದ್ದುದನ್ನು ಕಂಡನು. ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆಯಾದುದು ಬೆಂಗಳೂರು. 1954ರಲ್ಲಿ ಅಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ತಜ್ಞರು ಸಿದ್ಧಪಡಿಸಿದ ಪರೀಕ್ಷಾಮಾಲೆಯು 2004ರಲ್ಲಿ ಪ್ರಕಟವಾಯಿತು.

ಈ ಪರೀಕ್ಷೆಗಳು ನೋಟಕ್ಕೆ ಮಕ್ಕಳಾಟದಂತಿವೆ. 15 ಪದಗಳನ್ನು ಐದು ಸಲ ಓದಿ ಹೇಳಿ, ಪ್ರತಿ ಸಲವೂ ನೆನಪಿದ್ದಷ್ಟನ್ನು ಹೇಳಿಸುವರು. ಸ್ವಲ್ಪ ಹೊತ್ತು ಕಳೆದು ಮತ್ತೆ ಕೇಳುವರು. ಮೊದಲು ಕಲಿಯದಿದ್ದರೆ ಒಂದು ದೋಷ, ಕಲಿತುದನ್ನು ಉಳಿಸಿಕೊಳ್ಳದಿದ್ದರೆ ಬೇರೊಂದು ದೋಷ.

ಬೇಕೆಂದೇ ತಪ್ಪು ಹೇಳಿದರೇನು ಗತಿ? ಅದಕ್ಕೂ ಉಪಾಯವುಂಟು. 50 ಚಿತ್ರಗಳನ್ನು ತೋರಿಸಿ, ಆಮೇಲೆ ಒಂದೊಂದನ್ನೂ ಹೊಸ ಚಿತ್ರದ ಜೊತೆಗಿಟ್ಟು, "ಮೊದಲು ಕಂಡದ್ದು ಯಾವುದು?" ಎಂದು ಕೇಳುವರು. ಏನೂ ನೆನಪಿಲ್ಲದವನು ಕಣ್ಣುಮುಚ್ಚಿ ಊಹಿಸಿದರೂ ಸುಮಾರು 25 ಉತ್ತರಗಳು ಸರಿಯಾಗುವುವು. ಬರಿಯ ಊಹೆಯಿಂದ 15 ಅಥವಾ ಅದಕ್ಕಿಂತ ಕಡಮೆ ಬರುವುದು ಸಾವಿರಕ್ಕೆ ಮೂರು ನಾಲ್ಕು ಸಲ ಮಾತ್ರ. ಅಷ್ಟು ಕಡಮೆ ಬಂದರೆ, ಸರಿಯುತ್ತರವನ್ನು ಬಲ್ಲವನೇ ಅದನ್ನು ತಪ್ಪಿಸುತ್ತಿರುವನೆಂಬ ಸಂದೇಹಕ್ಕೆ ಬಲ ಬರುವುದು. ಆದರೂ ಒಂದೇ ಪರೀಕ್ಷೆಯನ್ನು ನಂಬಿ ಯಾರನ್ನೂ ಸುಳ್ಳುಗಾರನೆನ್ನಲಾಗದು.

ಈ ಎಚ್ಚರವನ್ನು ಕಿರಿಯರಿಗೆ ಕಲಿಸುವುದೇ ಮಾರ್ಗದರ್ಶಕರ ಮುಖ್ಯ ಕೆಲಸ. ಹೊಸದುರ್ಗದ ಕಡೆಯ, ಶಾಲೆಯ ಮೆಟ್ಟಿಲು ಹತ್ತದ ರೈತರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಪೆನ್ಸಿಲು ಹಿಡಿದು ಅಂಕಿಗಳಿಗೆ ಗುರುತು ಬರೆಯುವ ಪರೀಕ್ಷೆಯಲ್ಲಿ ಅವರಿಗೆ ತೀರ ಕಡಮೆ ಅಂಕ ಬಂದಿದೆ. "ಮಿದುಳಿಗೆ ಭಾರಿ ಹಾನಿ" ಎಂದು ಕಿರಿಯರು ಬರೆದು ತರುವರು. ಆಗ ಹಿರಿಯರು ಕೇಳುವರು: "ಇವರು ಎಂದಾದರೂ ಪೆನ್ಸಿಲು ಹಿಡಿದಿದ್ದರೆ? ಕನ್ನಡಕ ಹಾಕಿಕೊಂಡಿದ್ದರೆ? ರಾತ್ರಿಯೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವರೆ? ನಿಮ್ಮ ಪಟ್ಟಣದ ಮಾತು ಇವರಿಗೆ ತಿಳಿಯಿತೆ?" ಪದವೀಧರರ ಅಳತೆಗೋಲಿನಿಂದ ಅನಕ್ಷರಸ್ಥರನ್ನು ಅಳೆದರೆ ಇಲ್ಲದ ರೋಗ ಕಾಣುವುದು. ಆದುದರಿಂದಲೇ ಬೆಂಗಳೂರಿನ ಪರೀಕ್ಷಾಮಾಲೆಯು ವಯಸ್ಸಿಗೂ ವಿದ್ಯಾಭ್ಯಾಸಕ್ಕೂ ತಕ್ಕಂತೆ ಬೇರೆಬೇರೆ ಅಳತೆಗಳನ್ನು ಕೊಡುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮೊದಲು ಬಹು ಚುರುಕಾಗಿದ್ದ ಲೆಕ್ಕಿಗನೊಬ್ಬನು ಪೆಟ್ಟಿನ ತರುವಾಯ ಸಾಧಾರಣ ಅಂಕ ಪಡೆದರೆ, "ಸರಿಯಾಗಿದ್ದಾನೆ" ಎಂದು ಕಳುಹಿಸಿಬಿಡಬಹುದು. ಅಲ್ಲಿಗೆ ಅವನ ಅನ್ನಕ್ಕೇ ಕಲ್ಲು ಬಿದ್ದಂತಾಯಿತು.

ಅಪರಾಧದ ಮೊಕದ್ದಮೆಗಳಲ್ಲಿ ಹೊಣೆ ಇನ್ನೂ ಹಿರಿದು. ಬುದ್ಧಿವಿಕಲತೆಯಿಂದ ತನ್ನ ಕೃತ್ಯದ ಸ್ವರೂಪವನ್ನು ಅರಿಯಲಾರದವನ ಕೃತ್ಯವು ಅಪರಾಧವಲ್ಲವೆಂದು 1860ರ ದಂಡಸಂಹಿತೆಯ 84ನೆಯ ಕಲಮು ಹೇಳಿತ್ತು. ಈಗ 2023ರ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು ಅದನ್ನೇ ಹೇಳುತ್ತದೆ. ಕಾನೂನು ಕೇಳುವುದು ಕೃತ್ಯ ನಡೆದ ಗಳಿಗೆಯ ಮನಸ್ಸನ್ನು. ಪರೀಕ್ಷೆ ಅಳೆಯುವುದು ಇಂದಿನ ಮನಸ್ಸನ್ನು. ನಡುವಣ ಅಂತರವನ್ನು ಒಪ್ಪಿಕೊಂಡು ವರದಿ ಬರೆಯುವುದೇ ಪ್ರಾಮಾಣಿಕತೆ. ಕರ್ನಾಟಕದ ಸೆಲ್ವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯನ್ನಾಗಲಿ, ಸುಳ್ಳುಪತ್ತೆ ಪರೀಕ್ಷೆಯನ್ನಾಗಲಿ, ಮಿದುಳಿನ ವಿದ್ಯುತ್ ಪರೀಕ್ಷೆಯನ್ನಾಗಲಿ ನಡೆಸಕೂಡದೆಂದು ತೀರ್ಪಿತ್ತಿತು.

ತಕ್ಕಡಿ ಹಿಡಿಯುವುದು ನ್ಯಾಯಾಧೀಶರ ಕೆಲಸ. ತೂಕದ ಕಲ್ಲು ಸರಿಯಾಗಿದೆಯೆ ಎಂದು ನೋಡಿ ಕೊಡುವುದು ಈ ವಿಜ್ಞಾನಿಯ ಕೆಲಸ. ಕಲ್ಲಿನಲ್ಲಿ ತಪ್ಪಿದ್ದರೆ, ಎಷ್ಟೇ ನೆಟ್ಟಗೆ ಹಿಡಿದ ತಕ್ಕಡಿಯೂ ಮೋಸ ಮಾಡೀತು.