ದಿಲ್ಲಿ ಮತದಾರನ ಎರಡು ಲೆಕ್ಕ

ಪ್ರಶ್ನೆ: ದಿಲ್ಲಿಯವರು ಲೋಕಸಭೆಗೆ ಒಂದು ಪಕ್ಷ, ವಿಧಾನಸಭೆಗೆ ಇನ್ನೊಂದು ಪಕ್ಷ ಎಂದು ಮತ ಹಾಕುವುದು ಕೇಜ್ರಿವಾಲರ ಕಾಲದಲ್ಲಿ ಶುರುವಾದದ್ದೇ?

ಉತ್ತರ: ಅಲ್ಲ, ಅದಕ್ಕಿಂತ ಹಳೆಯದು. 1998ರ ನವೆಂಬರಿನಲ್ಲಿ, ಈರುಳ್ಳಿ ಬೆಲೆಯ ಸಿಟ್ಟಿನ ನಡುವೆ, ಬಿಜೆಪಿಯನ್ನು ಇಳಿಸಿ ಕಾಂಗ್ರೆಸ್ಸಿಗೆ 52 ಸ್ಥಾನ ಕೊಟ್ಟರು. ಶೀಲಾ ದೀಕ್ಷಿತ್ ಮುಖ್ಯಮಂತ್ರಿಯಾದರು. ವರ್ಷ ತುಂಬುವ ಮೊದಲೇ ಬಂದ ಲೋಕಸಭಾ ಚುನಾವಣೆಯಲ್ಲಿ ಏಳಕ್ಕೆ ಏಳೂ ಬಿಜೆಪಿಗೆ!

ಹಾಗೆಂದು ಇದು ಕಾಯಂ ಅಭ್ಯಾಸವೂ ಅಲ್ಲ. 2003ರಿಂದ 2009ರವರೆಗೆ ಎರಡೂ ಕಡೆ ಕಾಂಗ್ರೆಸ್ಸೇ ಗೆದ್ದಿತು. ನಿಜವಾದ ಸೋಜಿಗ ಆಮೇಲಿನದು. 2014, 2019, 2024ರಲ್ಲಿ ಏಳೂ ಸಂಸದರು ಬಿಜೆಪಿಯವರು. 2015ರ ವಿಧಾನಸಭೆಯಲ್ಲಿ ಕೇಜ್ರಿವಾಲರ ಆಮ್ ಆದ್ಮಿ ಪಕ್ಷಕ್ಕೆ 70ರಲ್ಲಿ 67, 2020ರಲ್ಲಿ 62. 2019ರ ಮೇ ತಿಂಗಳಲ್ಲಿ ಸುಮಾರು ಶೇ. 18 ಮತ ಪಡೆದು ಮೂರನೆಯದಾಗಿದ್ದ ಪಕ್ಷ ಒಂಬತ್ತೇ ತಿಂಗಳಲ್ಲಿ ಶೇ. 53 ದಾಟಿತು.

ಇದನ್ನು ಚಂಚಲತೆ ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಪೊಲೀಸು, ಜಮೀನು ಕೇಂದ್ರದ ಕೈಯಲ್ಲಿ. ಶಾಲೆ, ನೀರು, ಕರೆಂಟು ಬಿಲ್ಲಿನ ರಿಯಾಯಿತಿ ದಿಲ್ಲಿ ಸರ್ಕಾರದ್ದು. ಯಾರನ್ನು ಯಾವುದಕ್ಕೆ ಕೇಳಬೇಕೆಂದು ಮತದಾರನಿಗೆ ಗೊತ್ತು.

2025ರಲ್ಲಿ ಬಿಜೆಪಿ 48 ಸ್ಥಾನ ಗೆದ್ದು ಎರಡೂ ಕಡೆ ಒಂದೇ ಪಕ್ಷವಾಯಿತು. ಆದರೆ ಮತಗಳ ಅಂತರ ಸುಮಾರು ಶೇ. 2 ಮಾತ್ರ.

ನಮ್ಮವರೇನು ಕಡಿಮೆಯೇ? 1984ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ವಿಧಾನಸಭಾ ಚುನಾವಣೆಗೆ ಹೋದರು. ಮಾರ್ಚ್ 1985ರಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟರು.