ಬಾಕಿಯ ವರ್ಗಾವಣೆ

ಒಂದು ಸಾಲವನ್ನು ತೀರಿಸಲು ಮತ್ತೊಂದು ಸಾಲ ಮಾಡುವವನನ್ನು ಲೋಕವು ಅವಿವೇಕಿಯೆನ್ನುತ್ತದೆ. ಈ ಮಾತು ಎಲ್ಲ ಸಂದರ್ಭಗಳಲ್ಲಿಯೂ ಸತ್ಯವಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘವು ಹುಟ್ಟಿದುದೇ ರೈತರನ್ನು ಸಾಹುಕಾರರ ದುಬಾರಿ ಬಡ್ಡಿಯಿಂದ ಪಾರುಮಾಡುವುದಕ್ಕಾಗಿ. ಸಾಲದ ಭಾರವು ಅಸಲಿನಲ್ಲಿ ಮಾತ್ರವೇ ಇಲ್ಲ, ಬಡ್ಡಿಯ ದರದಲ್ಲಿಯೂ ಇದೆ. ಇಂದಿನ ಕ್ರೆಡಿಟ್ ಕಾರ್ಡುಗಳ ಬಾಕಿ ವರ್ಗಾವಣೆಯ ತಿರುಳೂ ಇದೇ.

ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿಯಾಗಿ ಸಲ್ಲಿಸಿದವನಿಗೆ ಸಾಮಾನುಗಳ ಖರೀದಿಯ ಮೇಲೆ ಬಡ್ಡಿಯಿಲ್ಲ. ತಪ್ಪಿದರೆ ನಮ್ಮ ದೇಶದ ಅನೇಕ ಕಾರ್ಡುಗಳಲ್ಲಿ ಬಡ್ಡಿಯು ತಿಂಗಳಿಗೆ ಶೇಕಡ 3.5ರ ಆಸುಪಾಸಿನಲ್ಲಿರುತ್ತದೆ. ಕೇಳಲು ಅಲ್ಪವೆನಿಸುವ ಈ ದರ ವರ್ಷಕ್ಕೆ ಶೇಕಡ 42 ಆಗುತ್ತದೆ!

ಒಬ್ಬ ಗುಮಾಸ್ತನಿಗೆ 40,000 ರೂಪಾಯಿ ಬಾಕಿಯಿದೆಯೆಂದು ಭಾವಿಸೋಣ. ಮೊದಲ ತಿಂಗಳ ಬಡ್ಡಿ 1,400 ರೂಪಾಯಿ. ಅದರ ಮೇಲೆ ಶೇಕಡ 18ರ ತೆರಿಗೆ 252 ರೂಪಾಯಿ. ಅವನು 2,000 ರೂಪಾಯಿ ಕಟ್ಟಿದರೆ ಅಸಲಿನಿಂದ ಕಳೆಯುವುದು ಕೇವಲ 348 ರೂಪಾಯಿ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಮರುಪಾವತಿಯು ವರ್ಷಗಟ್ಟಲೆ ಎಳೆಯುವುದೆಂದು ಬಿಲ್ಲಿನಲ್ಲಿಯೇ ಮುದ್ರಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದನ್ನು ಓದುವವರು ವಿರಳ.

ಈಗ ಮತ್ತೊಂದು ಬ್ಯಾಂಕು ಈ ಬಾಕಿಯನ್ನು ತಾನು ವಹಿಸಿಕೊಂಡು, ಆರು ತಿಂಗಳ ಮಟ್ಟಿಗೆ ತಿಂಗಳಿಗೆ ಶೇಕಡ 1ರ ಬಡ್ಡಿ ಸಾಕೆನ್ನುತ್ತದೆ ಎಂದಿಟ್ಟುಕೊಳ್ಳಿ. ಶೇಕಡ 2ರ ಶುಲ್ಕ ಮತ್ತು ಅದರ ತೆರಿಗೆ ಸೇರಿ 944 ರೂಪಾಯಿಗಳನ್ನು ಗುಮಾಸ್ತನು ಮೊದಲೇ ತೆರಬೇಕು. ಆದರೆ ಬಡ್ಡಿ ಮತ್ತು ತೆರಿಗೆ 472 ರೂಪಾಯಿಗೆ ಇಳಿಯುತ್ತದೆ. ಅದೇ 2,000 ರೂಪಾಯಿ ಈಗ ಅಸಲಿನಿಂದ 1,528 ರೂಪಾಯಿಗಳನ್ನು ಕಳೆಯುತ್ತದೆ. ಹೀಗೆ ಆರು ತಿಂಗಳು ಕಟ್ಟಿದರೆ ಅಸಲಿನಲ್ಲಿ 9,400 ರೂಪಾಯಿಗಳಿಗಿಂತ ಹೆಚ್ಚು ತೀರುತ್ತದೆ. ಹಳೆಯ ಕಾರ್ಡಿನಲ್ಲಿ ತೀರುತ್ತಿದ್ದುದು ಸುಮಾರು 2,300 ರೂಪಾಯಿ ಮಾತ್ರ.

ಬ್ಯಾಂಕು ಇದನ್ನು ದಾನಬುದ್ಧಿಯಿಂದ ಮಾಡುವುದಿಲ್ಲ. ಏಳನೆಯ ತಿಂಗಳಿನಿಂದ ಉಳಿದ ಮೂವತ್ತು ಸಾವಿರಕ್ಕೆ ಹಿಂದಿನಂತೆಯೇ ಭಾರೀ ದರವು ಅನ್ವಯಿಸಬಹುದು. ಬಾಕಿ ಉಳಿದಿರುವಾಗ ಹೊಸ ಕಾರ್ಡಿನಿಂದ ಮಾಡಿದ ಖರೀದಿಗೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೂ ದೊರೆಯದು. ಇವೆಲ್ಲಕ್ಕಿಂತ ದೊಡ್ಡ ಅಪಾಯವು ಹಳೆಯ ಕಾರ್ಡಿನಲ್ಲಿದೆ. ಅದರ ಬಾಕಿ ಸೊನ್ನೆಯಾಯಿತು. ಅಂದರೆ ನಲವತ್ತು ಸಾವಿರ ರೂಪಾಯಿಗಳ ಖರೀದಿಗೆ ಅದು ಪುನಃ ತೆರೆದುಕೊಂಡಿತು. ಗುಮಾಸ್ತನ ಜೇಬಿನಲ್ಲಿ ಈಗ ಎರಡು ಕಾರ್ಡುಗಳಿವೆ, ಹಬ್ಬವೂ ಸಮೀಪಿಸಿದೆ.