ಬರಿಗಾಲ ಕಾಲದ ಗೋಲ್‌ಕೀಪರ್

ಶಾಲಾ ಮೈದಾನದಲ್ಲಿ ಹುಡುಗರು ಫುಟ್‌ಬಾಲ್ ಆಡಲು ಎರಡು ಗುಂಪಾದಾಗ ಗೋಲಿಗೆ ಯಾರನ್ನು ನಿಲ್ಲಿಸುತ್ತಾರೆ? ಓಡಲಾರದವನನ್ನು, ಇಲ್ಲವೇ ಎಲ್ಲರಿಗಿಂತ ಚಿಕ್ಕವನನ್ನು. ಮಧುಗಿರಿ ಸೀಮೆಯ ಪುರವರವಾಗಲಿ, ಬೆಂಗಳೂರಿನ ಆಸ್ಟಿನ್ ಟೌನ್ ಆಗಲಿ, ಈ ರೂಢಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಗೋಲು ಹೊಡೆದವನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ; ಗೋಲು ತಡೆದವನದು ಲೆಕ್ಕಕ್ಕೆ ಬರುವುದಿಲ್ಲ. ದೇಶದ ಫುಟ್‌ಬಾಲ್ ಚರಿತ್ರೆಯಲ್ಲೂ ಆಗಿರುವುದು ಇದೇ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪಂದ್ಯದಲ್ಲಿ ಗೋಲು ಕಾಯ್ದ ಕೆಂಚಪ್ಪ ವರದರಾಜ್ ಅವರ ಹೆಸರು ಇಂದು ಎಷ್ಟು ಮಂದಿಗೆ ನೆನಪಿದೆ?

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡು ಪ್ರದೇಶದ ಬ್ರಿಟಿಷ್ ಸೈನಿಕರ ಜೊತೆಗೆ. ಅವರ ಆಟ ನೋಡಿ ಕಲಿತ ಸ್ಥಳೀಯ ಹುಡುಗರು ಬೂಟಿಲ್ಲದೆಯೇ ಅವರಿಗೆ ಸರಿಸಾಟಿಯಾದರು. 1946ರಲ್ಲಿ ಬೆಂಗಳೂರಿನಲ್ಲಿ ನಡೆದ ಸಂತೋಷ್ ಟ್ರೋಫಿ ಪಂದ್ಯಾವಳಿಯಲ್ಲಿ ಮೈಸೂರು ತಂಡ ಬಲಿಷ್ಠ ಬಂಗಾಳವನ್ನು ಮಣಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಎರಡು ವರ್ಷದ ನಂತರ ಲಂಡನ್ ಒಲಿಂಪಿಕ್ಸ್‌ಗೆ ತಂಡ ಹೊರಟಾಗ ಅಹ್ಮದ್ ಖಾನ್, ಎಸ್. ರಾಮನ್, ಧನರಾಜ್ ಮುಂತಾದ ಬೆಂಗಳೂರಿನ ಆಟಗಾರರೊಂದಿಗೆ ವರದರಾಜ್ ಕೂಡ ಅದರಲ್ಲಿದ್ದರು.

ಅಂದಿನ ಗೋಲ್‌ಕೀಪರನ ಕೆಲಸ ಎಂಥದೆಂದು ತಿಳಿಯದೆ ಅವರ ಸಾಧನೆ ಅರ್ಥವಾಗದು. ಗೋಲಿನ ಅಗಲ ಆಗಲೂ ಈಗಲೂ 24 ಅಡಿ, ಎತ್ತರ 8 ಅಡಿ. ಆದರೆ ಚೆಂಡು ಬೇರೆ. ತೊಗಲಿನ ಹೊದಿಕೆ, ಒಳಗೆ ರಬ್ಬರ್ ಬ್ಲ್ಯಾಡರ್, ಮೇಲೆ ದಾರದ ಹೊಲಿಗೆ. ಮಳೆಗೆ ನೆನೆದರೆ ನೀರು ಹೀರಿ ಕಲ್ಲಿನಂತೆ ಭಾರವಾಗುತ್ತಿತ್ತು. ಇಂದಿನಂಥ ಮೆತ್ತೆಯ ಕೈಗವಸುಗಳಿರಲಿಲ್ಲ. ಕೀಪರ್ ಚೆಂಡು ಹಿಡಿದಿದ್ದರೂ ಎದುರಾಳಿ ಭುಜದಿಂದ ಗುದ್ದಲು ನಿಯಮದಲ್ಲಿ ಅವಕಾಶವಿತ್ತು. ಗಾಯಗೊಂಡರೆ ಬದಲಿ ಆಟಗಾರನೂ ಇಲ್ಲ. ನೋವು ನುಂಗಿ ನಿಲ್ಲಬೇಕು, ಇಲ್ಲವೇ ತಂಡ ಹತ್ತೇ ಜನರಲ್ಲಿ ಆಡಬೇಕು. ಇಂದಿಗಿಂತ ಒಂದೇ ಅನುಕೂಲವಿತ್ತು: ತನ್ನದೇ ತಂಡದವನು ಕಾಲಿನಿಂದ ಹಿಂದಕ್ಕೆ ತಳ್ಳಿದ ಚೆಂಡನ್ನು ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಆ ಸೌಲಭ್ಯ 1992ರಲ್ಲಿ ರದ್ದಾಯಿತು.

1948ರ ಜುಲೈ 31ರಂದು ಲಂಡನ್ ಸಮೀಪದ ಇಲ್ಫರ್ಡ್‌ನಲ್ಲಿ ಭಾರತದ ಎದುರಾಳಿ ಫ್ರಾನ್ಸ್. ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಕಣಕ್ಕಿಳಿದರು. ಮೊದಲಾರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು. ನಂತರ ರಾಮನ್ ಗೋಲು ಗಳಿಸಿ ಸಮ ಮಾಡಿದರು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. ಪಂದ್ಯ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಫ್ರಾನ್ಸ್ ಎರಡನೇ ಗೋಲು ಬಾರಿಸಿ 2–1ರಿಂದ ಗೆದ್ದಿತು.

ಈ ಸೋಲಿನ ಕಥೆಯಲ್ಲಿ ಬರಿಗಾಲಿನ ಬೆರಗು ಉಳಿಯಿತು, ತಪ್ಪಿದ ಪೆನಾಲ್ಟಿಗಳ ಕೊರಗು ಉಳಿಯಿತು. ಸುಮಾರು ಒಂದೂವರೆ ತಾಸು ಯುರೋಪಿನ ತಂಡವೊಂದನ್ನು ಎರಡೇ ಗೋಲಿಗೆ ತಡೆದು ನಿಲ್ಲಿಸಿದ ಮಾತು ಮಾತ್ರ ಹಿಂದೆ ಸರಿಯಿತು. ಗೋಲ್‌ಕೀಪರನ ಲೆಕ್ಕಪುಸ್ತಕವೇ ವಿಚಿತ್ರ. ಬಿಟ್ಟ ಗೋಲುಗಳು ಅದರಲ್ಲಿ ಕಾಯಂ ಆಗಿ ನಮೂದಾಗುತ್ತವೆ. ಹಿಡಿದ ಚೆಂಡುಗಳನ್ನು ಆ ಕಾಲದಲ್ಲಿ ಯಾರೂ ಎಣಿಸಿಡಲಿಲ್ಲ.

1950ರ ವಿಶ್ವಕಪ್‌ಗೆ ಭಾರತಕ್ಕೆ ಅವಕಾಶ ಸಿಕ್ಕಿದರೂ ತಂಡ ಬ್ರೆಜಿಲ್‌ಗೆ ಹೋಗಲಿಲ್ಲ. ಆ ಪೀಳಿಗೆಗೆ ದೊಡ್ಡ ವೇದಿಕೆಯೊಂದು ಹಾಗೆ ಕೈತಪ್ಪಿತು. ಮರುವರ್ಷ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅದರ ಕೊರತೆ ಸ್ವಲ್ಪ ಮಟ್ಟಿಗೆ ತುಂಬಿತು. ಸೈಲೆನ್ ಮನ್ನಾ ನಾಯಕತ್ವದ, ವರದರಾಜ್ ಕೂಡ ಇದ್ದ ಭಾರತ ತಂಡ ಇಂಡೋನೇಷ್ಯಾ ಮತ್ತು ಆಫ್ಘಾನಿಸ್ತಾನಗಳನ್ನು ತಲಾ 3–0ರಿಂದ, ಫೈನಲ್‌ನಲ್ಲಿ ಇರಾನ್ ತಂಡವನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಿತು. ಫೈನಲ್‌ನ ಏಕೈಕ ಗೋಲು ಹೊಡೆದ ಮೇವಾಲಾಲ್ ಮನೆಮಾತಾದರು. ಮೂರು ಪಂದ್ಯಗಳಲ್ಲಿ ಭಾರತ ಹೊಡೆದದ್ದು ಏಳು ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. ಒಂದೇ ಗೋಲಿನಿಂದ ಫೈನಲ್ ಗೆಲ್ಲಬೇಕಾದರೆ ಹಿಂದಿನ ಸಾಲು ಅಷ್ಟು ಗಟ್ಟಿಯಾಗಿರಲೇಬೇಕು ಎಂಬ ಸರಳ ಸತ್ಯವನ್ನು ಆ ಸೊನ್ನೆ ಹೇಳುತ್ತದೆ.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 1–10ರಿಂದ ಸೋತ ಮೇಲೆ ಬೂಟು ಕಡ್ಡಾಯವಾಯಿತು. ಬರಿಗಾಲ ಫುಟ್‌ಬಾಲಿನ ಯುಗ ಮುಗಿಯಿತು. ಆ ಯುಗದ ಫೋಟೊಗಳಲ್ಲಿ ಕಣ್ಣು ಮೊದಲು ಹೋಗುವುದು ಆಟಗಾರರ ಬರಿಯ ಪಾದಗಳತ್ತ. ಅದೇ ಸಾಲಿನಲ್ಲಿ ನಿಂತ ಗೋಲ್‌ಕೀಪರನ ಬರಿಯ ಕೈಗಳನ್ನೂ ಒಮ್ಮೆ ನೋಡಬೇಕು. ಹುಡುಗರ ಆಟದಲ್ಲಿ ಗೋಲಿಗೆ ನಿಲ್ಲುವ ಆ ಚಿಕ್ಕವನಿಗೆ ಹೇಳಿಕೊಳ್ಳಲು ಒಬ್ಬ ಹಿರಿಯನಿದ್ದಾನೆ ಎಂಬುದನ್ನಾದರೂ ಅವನಿಗೆ ತಿಳಿಸಬೇಕು.